ಕಟ್ಟಿದ ಸರ, ಪೋಣಿಸಿದ ಸರ

(ಮೈಸೂರಿನಲ್ಲಿ ಸೀರೆ ಕುಚ್ಚು ಕಟ್ಟುವ, ಮನೆಯಲ್ಲೇ ಮಣಿಸರ ಮಾಡಿ ಮಾರುವ ಹೆಣ್ಣುಮಕ್ಕಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಹೂವಿನ ವಿಷಯದಲ್ಲಿ ನಮಗೆಲ್ಲ ಒಂದು ವ್ಯತ್ಯಾಸ ಚೆನ್ನಾಗಿ ಗೊತ್ತು. ಪೋಣಿಸಿದ ಹೂವು ಬೇರೆ, ಕಟ್ಟಿದ ಹೂವು ಬೇರೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಂಡರೆ ಮೊಳ ಹಾಕಿ, ಎಲ್ಲಿ ಬೇಕೋ ಅಲ್ಲಿ ಕತ್ತರಿಸಿ ಕೊಡುತ್ತಾರೆ. ಕತ್ತರಿ ಬಿದ್ದ ಕಡೆ ಒಂದೆರಡು ಹೂವು ಸಡಿಲವಾಗಬಹುದು, ಉಳಿದವು ಅಲ್ಲಾಡುವುದಿಲ್ಲ. ಒಂದೊಂದು ಜೊತೆಗೂ ಒಂದೊಂದು ಗಂಟು ಇರುತ್ತದಲ್ಲ, ಅದಕ್ಕೆ. ಸೂಜಿಯಲ್ಲಿ ಪೋಣಿಸಿದ ಹಾರವನ್ನು ಹಾಗೆ ಕತ್ತರಿಸಿದರೆ ಅಷ್ಟೂ ಹೂವು ಮಡಿಲಿಗೆ ಬೀಳುತ್ತದೆ.

ಮಣಿಸರದಲ್ಲಿಯೂ ಇದೇ ಮಾತು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫ್ಯಾನ್ಸಿ ಸರಗಳು ಪೋಣಿಸಿದವು. ದಾರ ಒಂದು ಕಡೆ ಸವೆದು ಹರಿದರೆ ಮದುವೆ ಮನೆಯ ನೆಲದ ತುಂಬ ಮಣಿ. ಮಣಿ ಮಣಿಗೂ ನಡುವೆ ಗಂಟು ಹಾಕಿದ ಸರ ಹರಿದರೆ ಹೋಗುವುದು ಹೆಚ್ಚೆಂದರೆ ಒಂದು ಮಣಿ. ಎರಡನೆಯ ಲಾಭ ಮೇಲ್ನೋಟಕ್ಕೆ ಕಾಣುವುದಿಲ್ಲ: ಮಣಿಗಳು ಒಂದಕ್ಕೊಂದು ಉಜ್ಜುವುದಿಲ್ಲ. ಮುತ್ತು, ಹವಳದಂಥ ಮೆತ್ತಗಿನ ಮಣಿ ಪಕ್ಕದ ಮಣಿಗೆ ಉಜ್ಜಿ ಉಜ್ಜಿ ತೂತಿನ ಸುತ್ತ ಹೊಳಪು ಕಳೆದುಕೊಳ್ಳುತ್ತದೆ. ಗಂಟು ಅಲ್ಲಿ ಮೆತ್ತೆಯ ಹಾಗೆ ಕೂರುತ್ತದೆ. ಮೂರನೆಯದು, ಗಂಟಿನ ಸರ ಕೊರಳಲ್ಲಿ ಇಳಿದು ಕೂರುವ ರೀತಿಯೇ ಬೇರೆ. ಒತ್ತಾಗಿ ಪೋಣಿಸಿದ ಸರ ಬೆತ್ತದ ಹಾಗೆ ಸೆಟೆದು ನಿಲ್ಲುತ್ತದೆ.

ಆದರೆ ಗಂಟು ಹಾಕಿದ ಮಾತ್ರಕ್ಕೆ ಇದೆಲ್ಲ ಬರುವುದಿಲ್ಲ. ಸರ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ತೂತು, ದಾರ, ಗಂಟು ಈ ಮೂರರ ಅಳತೆ ಒಂದಕ್ಕೊಂದು ಕೂಡಿರುವುದಿಲ್ಲ. ಮಣಿ ಆರಿಸಲು ಅರ್ಧ ದಿನ ಕಳೆಯುತ್ತೇವೆ, ದಾರವನ್ನು ಮಾತ್ರ ಮನೆಯಲ್ಲಿ ಇದ್ದದ್ದನ್ನೇ ಎಳೆದುಕೊಳ್ಳುತ್ತೇವೆ. ಇವತ್ತು ದಾರದಿಂದಲೇ ಶುರು ಮಾಡೋಣ.

ಸಾದಾ ಗಂಟು, ಅಂದರೆ ಒಂದೇ ಸುತ್ತಿನ ಗಂಟು, ಬಿಗಿದ ಮೇಲೆ ದಾರದ ದಪ್ಪದ ಸುಮಾರು ಎರಡೂವರೆಯಿಂದ ಮೂರರಷ್ಟು ಅಗಲ ಆಗುತ್ತದೆ. 0.8 ಮಿ.ಮೀ. ದಾರದ ಗಂಟು ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮಣಿಯ ತೂತು 1 ಮಿ.ಮೀ. ಇದ್ದರೆ ಗಂಟು ಹೊರಗೇ ನಿಲ್ಲುತ್ತದೆ. ತೂತು 2 ಮಿ.ಮೀ. ಇದ್ದರೆ ಗಂಟು ಮೊದಲ ದಿನ ನಿಂತಂತೆ ಕಂಡರೂ ಧರಿಸುತ್ತ ಧರಿಸುತ್ತ ಒಳಕ್ಕೆ ಜಾರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಸರ ಉದ್ದವಾಗಿ, ಅಲ್ಲಲ್ಲಿ ಬರೀ ದಾರ ಕಾಣುತ್ತದೆ. ದಾರ ತೂತನ್ನು ಹೆಚ್ಚುಕಡಿಮೆ ತುಂಬಬೇಕು, ಆದರೆ ತಳ್ಳಾಡದೆ ಹೋಗಬೇಕು. ಮುತ್ತಿನ ತೂತು ತೀರ ಚಿಕ್ಕದು, ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ. ಮರದ ಮಣಿಯದ್ದು ಒಂದೂವರೆ ಎರಡು ಮಿ.ಮೀ. ಆಚೀಚೆ. ಎರಡಕ್ಕೂ ಒಂದೇ ದಾರ ಆಗುವುದಿಲ್ಲ.

ಒಂದು ಸರದ ಎಲ್ಲ ಮಣಿಗಳ ತೂತು ಸಮ ಇರುವುದೂ ಅಪರೂಪ. ಕೆಲಸ ಶುರು ಮಾಡುವ ಮೊದಲೇ ಅಷ್ಟೂ ಮಣಿಯನ್ನು ದಾರಕ್ಕೆ ಒಮ್ಮೆ ಏರಿಸಿ ನೋಡಿ. ಬಿಗಿಯಾದವನ್ನು ಬೇರೆ ಇಡಿ, ಸಡಿಲವಾದವನ್ನು ಬೇರೆ ಇಡಿ. ಇಪ್ಪತ್ತನೆಯ ಗಂಟಿನ ನಂತರ ಒಂದು ಮಣಿ ಒಳಗೆ ಹೋಗದೆ ನಿಂತರೆ ಹಿಂದಕ್ಕೆ ಬರುವ ದಾರಿ ಇಲ್ಲ.

ಇನ್ನು ದಾರದ ಜಾತಿ. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಕುಚ್ಚಿಗೆ, ದಾರದ ಬಳೆಗೆ ನಾವು ತರುವ ಹೊಳೆಯುವ ರೀಲನ್ನು ಎಲ್ಲರೂ ಸಿಲ್ಕ್ ಥ್ರೆಡ್ ಎಂದೇ ಕರೆಯುತ್ತೇವೆ. ಅದರಲ್ಲಿ ಬಹುಪಾಲು ರೇಷ್ಮೆ ಅಲ್ಲ, ರೇಯಾನ್ ಅಥವಾ ಪಾಲಿಯೆಸ್ಟರ್. 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇರುವ ಊರಿನಲ್ಲಿ ಕೂತು ಈ ಮಾತು ಹೇಳಬೇಕಾಗಿದೆ ನೋಡಿ. ಕುಚ್ಚಿಗೆ ರೇಯಾನ್ ಆಗುತ್ತದೆ, ಏಕೆಂದರೆ ಕುಚ್ಚು ಯಾವ ಭಾರವನ್ನೂ ಹೊರುವುದಿಲ್ಲ. ಸರಕ್ಕೆ ಆಗದು. ರೇಯಾನ್ ನೆನೆದಾಗ ತನ್ನ ಬಲದಲ್ಲಿ ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಕೊರಳಿನ ಬೆವರು ಎಂದರೆ ಅದಕ್ಕೆ ನೆನೆದ ಹಾಗೆಯೇ. ‘ಮನೆಯಲ್ಲಿ ಎಳೆದು ನೋಡಿದಾಗ ಗಟ್ಟಿಯಾಗಿತ್ತು, ಬೇಸಿಗೆ ಮದುವೆಯಲ್ಲಿ ಹರಿಯಿತು’ ಎಂಬ ದೂರಿನ ಮೂಲ ಇದು.

ಪರೀಕ್ಷೆ ಸುಲಭ. ಒಂದು ಅಂಗುಲ ದಾರವನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿಯಿಂದ ತೆಗೆದರೆ ತಾನೇ ಆರುವುದು ಹೆಚ್ಚು, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಮತ್ತು ಹತ್ತಿ ಕಾಗದದ ಹಾಗೆ ಚುರುಕಾಗಿ ಉರಿದು ಹಗುರವಾದ ಬೂದಿ ಬಿಡುತ್ತವೆ. ನೈಲಾನ್, ಪಾಲಿಯೆಸ್ಟರ್ ಮುದುರಿ, ಕರಗಿ, ತಣ್ಣಗಾದ ಮೇಲೆ ಉಗುರಿಗೂ ಒಡೆಯದ ಗಟ್ಟಿ ಉಂಡೆಯಾಗುತ್ತವೆ.

ನಮ್ಮ ಅಭಿಪ್ರಾಯ ಕೇಳಿದರೆ: ಮುತ್ತಿಗೆ ನಿಜವಾದ ರೇಷ್ಮೆ ಹುರಿ, ದಿನಾ ಹಾಕಿಕೊಳ್ಳುವ ಗಾಜು, ಕಲ್ಲಿನ ಸರಕ್ಕೆ ಹುರಿ ಹಾಕಿದ ನೈಲಾನ್, ಮರದ ಮಣಿಗೆ ಮೇಣ ಹಚ್ಚಿದ ಹತ್ತಿ ಅಥವಾ ಪಾಲಿಯೆಸ್ಟರ್ ದಾರ. ಮೀನಿನ ಗಾಳದ ಪ್ಲಾಸ್ಟಿಕ್ ಎಳೆ ಗಂಟಿಗೆ ಬೇಡವೇ ಬೇಡ, ನುಣುಪಿಗೆ ಗಂಟು ಬಿಚ್ಚಿಕೊಳ್ಳುತ್ತದೆ. ಎಲಾಸ್ಟಿಕ್ ಕೂಡ ಅಷ್ಟೇ. ಎಳೆದಾಗ ದಾರ ತೆಳುವಾಗಿ ಗಂಟು ಸಡಿಲುತ್ತದೆ.

ಮುತ್ತಿಗೆಂದೇ ಬರುವ ರೇಷ್ಮೆ ದಾರ ಸಾಮಾನ್ಯವಾಗಿ 2 ಮೀಟರ್ ಉದ್ದ ಇರುತ್ತದೆ, ರಟ್ಟಿಗೆ ಸುತ್ತಿ, ತುದಿಗೆ ತಂತಿಯ ಸೂಜಿ ಸೇರಿಸಿಯೇ ಕೊಡುತ್ತಾರೆ. ರಟ್ಟಿನ ಮೇಲಿನ ನಂಬರನ್ನು ದಪ್ಪ ಎಂದು ತಿಳಿಯಬೇಡಿ. ನಂಬರ್ 2 ಎಂದರೆ 0.45 ಮಿ.ಮೀ., ನಂಬರ್ 4 ಎಂದರೆ 0.60, ನಂಬರ್ 8 ಎಂದರೆ 0.80. ಸೂಜಿ ಇಲ್ಲದ ದಾರವಾದರೆ ತುದಿಯ ಎರಡು ಸೆಂ.ಮೀ.ಗೆ ತೆಳ್ಳಗೆ ಅಂಟು ಸವರಿ, ಹುರಿಯ ದಿಕ್ಕಿಗೇ ನುಲಿದು ಒಣಗಿಸಿ, ಓರೆಯಾಗಿ ಕತ್ತರಿಸಿ. ಅದೇ ಸೂಜಿಯಾಗುತ್ತದೆ.

ರೇಷ್ಮೆ ಜಗ್ಗುವ ದಾರ. ಸುತ್ತಿನ ಮಡಿಕೆ ಉಳಿದಿರುವಾಗಲೇ ಕಟ್ಟಿದರೆ ಆಮೇಲೆ ಸರ ಜಗ್ಗಿ ಗಂಟು ಮಣಿಯ ನಡುವೆ ಸಂದು ಬೀಳುತ್ತದೆ. ಹಿಂದಿನ ರಾತ್ರಿಯೇ ದಾರ ಬಿಚ್ಚಿ, ಮೊಳೆಗೆ ತೂಗುಹಾಕಿ, ಕೆಳತುದಿಗೆ ಕಾಲು ಕೆಜಿಯಷ್ಟು ಭಾರ ಕಟ್ಟಿ ಬಿಡಿ. ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ತುಂಡೂ ಆದೀತು.

ಎಷ್ಟು ದಾರ ಬೇಕು? ಸಾದಾ ಗಂಟೊಂದು ದಾರದ ದಪ್ಪದ ಸುಮಾರು ಹತ್ತರಷ್ಟು ಉದ್ದವನ್ನು ನುಂಗುತ್ತದೆ. 0.8 ಮಿ.ಮೀ. ದಾರಕ್ಕೆ 8 ಮಿ.ಮೀ.; ಕೈ ಸ್ವಲ್ಪ ಸಡಿಲವಿದ್ದರೆ 1 ಸೆಂ.ಮೀ. ಎಂದೇ ಲೆಕ್ಕ ಹಿಡಿಯಿರಿ. ಈಗ 45 ಸೆಂ.ಮೀ. ಉದ್ದದ ಸರ, 8 ಮಿ.ಮೀ. ಮಣಿ. ಗಂಟು ಮಣಿಗಳ ನಡುವೆ ಸುಮಾರು 2 ಮಿ.ಮೀ. ಜಾಗ ಹಿಡಿಯುತ್ತದೆ, ಅಂದರೆ ಮಣಿ ಗಂಟು ಸೇರಿ 1 ಸೆಂ.ಮೀ. ಕೊಂಡಿಗೆ ಎರಡು ಸೆಂ.ಮೀ. ಬಿಟ್ಟರೆ 43 ಮಣಿ, 44 ಗಂಟು. ಮಣಿಯೊಳಗೆ ಹೋಗುವ ದಾರ ಸುಮಾರು 34 ಸೆಂ.ಮೀ., ಗಂಟಿಗೆ 44, ಎರಡೂ ತುದಿಯಲ್ಲಿ ಹಿಡಿಯಲು ಇಪ್ಪತ್ತಿಪ್ಪತ್ತು. ಒಟ್ಟು 118. ಪ್ರತಿ ಸಲ ಇಷ್ಟು ಲೆಕ್ಕ ಬೇಡ ಎನ್ನುವವರು ಸರದ ಉದ್ದದ ಎರಡರಷ್ಟಕ್ಕೆ 40 ಸೆಂ.ಮೀ. ಸೇರಿಸಿ ಕತ್ತರಿಸಿ, ಇಲ್ಲಿ 130 ಆಗುತ್ತದೆ, ಸಾಕು. ಎರಡೆಳೆಯಲ್ಲಿ ಕಟ್ಟುವುದಾದರೆ ಅದರ ಎರಡರಷ್ಟು. ಅದೇ ಮಣಿಯ 108ರ ಜಪಮಾಲೆಗೆ ಒಂದೆಳೆಯಾದರೂ ಎರಡೂವರೆ ಮೀಟರ್ ದಾಟುತ್ತದೆ. 2 ಮೀಟರಿನ ರಟ್ಟು ಸಾಲದು. ನಡುವೆ ದಾರಕ್ಕೆ ದಾರ ಸೇರಿಸಿ ಮುಗಿಸುವ ಆಸೆ ಬೇಡ. ಆ ಜೋಡಣೆ ತೂತಿನೊಳಗೆ ಹೋಗದು, ಹೋದರೂ ಅಲ್ಲಿಯೇ ಹರಿಯುತ್ತದೆ.

ದಾರ ಹೊಸದಾದರೆ ಮೊದಲು ಒಂದು ತುಂಡಿನಲ್ಲಿ ಹತ್ತು ಗಂಟು ಹಾಕಿ, ಎಷ್ಟು ಉದ್ದ ಕಡಿಮೆಯಾಯಿತು ಎಂದು ಅಳೆದು ಹತ್ತರಿಂದ ಭಾಗಿಸಿ. ನಿಮ್ಮ ಕೈಯ ಬಿಗಿಗೆ ತಕ್ಕ ಲೆಕ್ಕ ಅದು.

ಈಗ ಗಂಟು. ತುದಿಯಿಂದ 20 ಸೆಂ.ಮೀ. ಬಿಟ್ಟು ಮೊದಲ ಗಂಟು ಹಾಕಿ, ಒಂದು ಮಣಿ ಏರಿಸಿ ಅದಕ್ಕೆ ತಾಗಿಸಿ. ದಾರವನ್ನು ಎಡಗೈಯ ತೋರುಬೆರಳು, ನಡುಬೆರಳಿನ ಸುತ್ತ ಒಂದು ಸುತ್ತು ತನ್ನಿ, ಕುಣಿಕೆಯಾಗುತ್ತದೆ. ಇದುವರೆಗೆ ಕಟ್ಟಿದ ಸರವನ್ನು, ಮಣಿ ಸಮೇತ, ಆ ಕುಣಿಕೆಯೊಳಗೆ ಇಳಿಬಿಡಿ. ಬೆರಳು ತೆಗೆದರೆ ಸಡಿಲವಾದ ಗಂಟು ಸಿಕ್ಕಿತು. ಇನ್ನು ಮುಂದಿನದೇ ಕೆಲಸದ ಜೀವಾಳ: ಎಳೆಯಬೇಡಿ. ಗಂಟಿನೊಳಗೆ ದಪ್ಪ ಸೂಜಿಯೊಂದನ್ನು ತೂರಿಸಿ, ಸೂಜಿಯಿಂದ ಗಂಟನ್ನು ಮಣಿಯ ಬುಡಕ್ಕೆ ಒಯ್ಯಿರಿ. ಸೂಜಿ ಮಣಿಗೆ ತಾಗಿಕೊಂಡು ಇರುವಾಗಲೇ ದಾರವನ್ನು ಎಳೆಯುತ್ತ ಬನ್ನಿ. ಗಂಟು ಸೂಜಿಯ ಮೇಲೆ ಕಿರಿದಾಗುತ್ತದೆ. ಕೊನೆಗೆ ಹೆಬ್ಬೆರಳಿನ ಉಗುರಿನಿಂದ ಗಂಟನ್ನು ಮಣಿಯ ಕಡೆಗೆ ಒತ್ತಿ ಹಿಡಿದು ಸೂಜಿ ಹೊರಗೆ ಜಾರಿಸಿ, ಒಮ್ಮೆ ಬಿಗಿಯಿರಿ. ಎರಡೆಳೆಯ ದಾರವಾದರೆ ಇನ್ನೊಂದು ಅನುಕೂಲ ಇದೆ: ಬಿಗಿದ ಮೇಲೆ ಎರಡು ಎಳೆಯನ್ನು ಎಡಕ್ಕೊಂದು ಬಲಕ್ಕೊಂದು ಅಗಲಿಸಿ ಎಳೆದರೆ ಗಂಟು ಇನ್ನೊಂದು ಕೂದಲೆಳೆಯಷ್ಟು ಮಣಿಗೆ ಹತ್ತಿರ ಸರಿಯುತ್ತದೆ. ಮುತ್ತು ಕಟ್ಟುವಾಗ ಎರಡೆಳೆ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಗಂಟು ಮಣಿಯಿಂದ ದೂರ ನಿಂತುಬಿಟ್ಟರೆ? ಪೂರ್ತಿ ಬಿಗಿಯುವ ಮೊದಲಾದರೆ ಸೂಜಿಯ ತುದಿಯಿಂದ ಬಿಡಿಸಬಹುದು. ಬಿಗಿದ ಮೇಲೆ ಅದು ಕಗ್ಗಂಟು. ರೇಷ್ಮೆಯಲ್ಲಿ ಅದನ್ನು ಕೆದಕಿದರೆ ಎಳೆ ಹಿಂಜುತ್ತದೆ, ಹಿಂಜಿದ ಜಾಗ ಮೊದಲು ಹರಿಯುತ್ತದೆ. ಒಂದು ಮಿ.ಮೀ. ಸಂದು ಕೊರಳಲ್ಲಿ ಕಾಣಿಸದು ಎಂದುಕೊಂಡು ಮುಂದೆ ಹೋಗುವ ಮನಸ್ಸಾಗುತ್ತದೆ. ಕಾಣಿಸುತ್ತದೆ. ಸಾಲಾಗಿ ಸಮವಾಗಿರುವುದರ ನಡುವೆ ಒಂದು ಸಂದು ಕಣ್ಣಿಗೆ ಹೊಡೆಯುತ್ತದೆ. ಕೆಲಸ ಎರಡು ಮಣಿ ದೂರ ಬಂದಿದ್ದರೆ ಹೊಸ ದಾರದಲ್ಲಿ ಮತ್ತೆ ಶುರು ಮಾಡಿ.

ಕುಣಿಕೆಯ ಸುತ್ತು ಯಾವಾಗಲೂ ಒಂದೇ ದಿಕ್ಕಿಗೆ ಇರಲಿ. ಒಂದು ಗಂಟು ಬಲಸುತ್ತು, ಇನ್ನೊಂದು ಎಡಸುತ್ತು ಆದರೆ ಗಂಟುಗಳ ಮುಖ ಬೇರೆ ಬೇರೆಯಾಗಿ ಸರ ನೇರ ಬೀಳುವುದಿಲ್ಲ. ಹತ್ತು ಮಣಿಗೊಮ್ಮೆ ಸರವನ್ನು ಎತ್ತಿ ಹಿಡಿದು ಇಳಿಬಿಡಿ, ತಾನಾಗಿ ತಿರುಗಿ ನಿಲ್ಲಲಿ. ಹಾಗೆ ಮಾಡದಿದ್ದರೆ ದಾರದಲ್ಲಿ ಸೇರಿಕೊಂಡ ನುಲಿ ಒಂದು ಕಡೆ ಮುರಿ ಬಿದ್ದು ಸಿಕ್ಕಾಗುತ್ತದೆ. ಕೈ ತೊಳೆದು, ಎಣ್ಣೆ ಹಚ್ಚದೆ ಕೂರಿ. ತಿಳಿಬಣ್ಣದ ರೇಷ್ಮೆ ನಲವತ್ತು ಗಂಟಾಗುವಷ್ಟರಲ್ಲಿ ಬೆರಳಿನ ಕೊಳೆಯನ್ನೆಲ್ಲ ಹೀರಿರುತ್ತದೆ.

ತುದಿಗಳು. ಹೆಚ್ಚು ಸರ ಹರಿಯುವುದು ಇಲ್ಲೇ, ಕೊಂಡಿಯ ಬಳೆಗೆ ದಾರ ಉಜ್ಜುವ ಕಡೆ. ಆರಿ ಕಸೂತಿ ಕೆಲಸಕ್ಕೆ ಬಳಸುವ ಜರ್ದೋಸಿ ಸ್ಪ್ರಿಂಗ್, ಅಂದರೆ ಒಳಗೆ ಟೊಳ್ಳಾದ ತೆಳು ತಂತಿಯ ಸುರುಳಿ, ನಿಮ್ಮಲ್ಲಿ ಅನೇಕರ ಹತ್ತಿರ ಇದ್ದೇ ಇರುತ್ತದೆ. ಅದರಲ್ಲಿ ನುಣುಪಾದ ಸುರುಳಿಯನ್ನು 7-8 ಮಿ.ಮೀ. ಕತ್ತರಿಸಿಕೊಳ್ಳಿ. ಕೊಂಡಿ ಸೇರಿಸುವ ತುದಿಯ ಮೂರು ಮಣಿಗೆ ನಡುವೆ ಗಂಟು ಹಾಕದೆ ಬಿಡಿ. ಕೊನೆಯ ಮಣಿಯ ನಂತರ ಸ್ಪ್ರಿಂಗ್, ಆಮೇಲೆ ಕೊಂಡಿ ಏರಿಸಿ, ಸೂಜಿಯನ್ನು ಅದೇ ಕೊನೆಯ ಮಣಿಯೊಳಗೆ ಹಿಂದಕ್ಕೆ ತನ್ನಿ. ಎಳೆದಾಗ ಸ್ಪ್ರಿಂಗ್ ಕೊಂಡಿಯ ಸುತ್ತ ಬಾಗಿ ಕುಣಿಕೆಯಾಗುತ್ತದೆ. ದಾರ ಲೋಹಕ್ಕೆ ತಾಗುವುದೇ ಇಲ್ಲ. ಈಗ ಸರದ ದಾರದ ಸುತ್ತ ಒಂದು ಗಂಟು, ಹಿಂದಿನ ಮಣಿಯೊಳಗೆ ಹೋಗಿ ಮತ್ತೊಂದು ಗಂಟು, ಮೂರನೆಯ ಮಣಿಯೊಳಗೆ ಹೋಗಿ ದಾರ ಕತ್ತರಿಸಿ. ಇದಕ್ಕಾಗಿ ಆ ಮೂರು ಮಣಿಯ ತೂತಿನಲ್ಲಿ ದಾರ ಎರಡು ಸಲ ಹೋಗಬೇಕು. ಮೊದಲೇ ಬೇರೆ ಇಟ್ಟ ಸಡಿಲ ಮಣಿಗಳು ಉಪಯೋಗಕ್ಕೆ ಬರುವುದು ಇಲ್ಲಿ.

ಕೊನೆಯ ಗಂಟಿಗೆ ಒಂದು ಹನಿ ಅಂಟು. ತಕ್ಷಣ ಹಿಡಿಯುವ ಸೂಪರ್ ಗ್ಲೂ ರೇಷ್ಮೆಗೆ ಬೇಡ: ದಾರ ಕಡ್ಡಿಯ ಹಾಗೆ ಗಡುಸಾಗಿ ಗಂಟಿನ ಅಂಚಿನಲ್ಲೇ ಮುರಿಯುತ್ತದೆ, ಪಕ್ಕದ ಮಣಿಯ ಮೇಲೆ ಬಿಳಿ ಮಬ್ಬು ಕೂರುತ್ತದೆ. ಒಣಗಿದ ಮೇಲೂ ಬಾಗುವ ಬಟ್ಟೆಯ ಅಂಟನ್ನು ಸೂಜಿ ಮೊನೆಯಲ್ಲಿ ಮುಟ್ಟಿಸಿದರೆ ಸಾಕು. ಕೊರಳ ಹಿಂದೆ ಡೋರಿ, ಅಂದರೆ ಕಟ್ಟುದಾರ, ಕಟ್ಟುವ ಅಡ್ಡಿಕೆಯಂಥ ಸರಗಳಿಗೆ ಕೊಂಡಿಯ ರಗಳೆ ಇಲ್ಲ. ಅಲ್ಲಿ ಡೋರಿಯ ಬಳೆಗೂ ದಾರಕ್ಕೂ ನಡುವೆ ಇದೇ ಸ್ಪ್ರಿಂಗ್ ಹಾಕಿದರೆ ಆಯಸ್ಸು ಹೆಚ್ಚು.

ಕೈಗೆ ಕಟ್ಟುವ ಮಣಿಪಟ್ಟಿಯ ಬಗ್ಗೆ ತುಂಬ ಜನ ಕೇಳಿದ್ದರಿಂದ ಚೌಕ ಗಂಟನ್ನೂ ಹೇಳುತ್ತೇವೆ. ಇದರಲ್ಲಿ ನಡುವಿನ ದಾರ ಸುಮ್ಮನೆ ನಿಂತಿರುತ್ತದೆ, ಅದರಲ್ಲಿ ಮಣಿ ಇರುತ್ತದೆ. ಅಕ್ಕಪಕ್ಕದ ಎರಡು ಎಳೆ ಗಂಟು ಹಾಕುತ್ತ ಹೋಗುತ್ತವೆ. 1 ಮಿ.ಮೀ. ಮೇಣದ ದಾರದಲ್ಲಿ ನಡುದಾರ 60 ಸೆಂ.ಮೀ., ಕಟ್ಟುವ ದಾರ ಒಂದೂವರೆ ಮೀಟರ್; ಅದನ್ನು ಮಧ್ಯಕ್ಕೆ ಮಡಿಚಿ ನಡುದಾರಕ್ಕೆ ಕಟ್ಟಿದರೆ ಎರಡೂ ಬದಿಗೆ ಎಪ್ಪತ್ತೈದು ಸಿಗುತ್ತದೆ. ಎಡ ಎಳೆಯನ್ನು ನಡುದಾರದ ಮೇಲಿನಿಂದ ಬಲಕ್ಕೆ ತನ್ನಿ, ಬಲ ಎಳೆಯನ್ನು ಅದರ ಮೇಲಿಟ್ಟು, ನಡುದಾರದ ಹಿಂದಿನಿಂದ ಎಡಕ್ಕೆ ಒಯ್ದು, ಎಡಗಡೆಯ ಕುಣಿಕೆಯಿಂದ ಮೇಲಕ್ಕೆ ತೆಗೆಯಿರಿ. ಅರ್ಧ ಗಂಟಾಯಿತು. ಉಳಿದ ಅರ್ಧವನ್ನು ಬಲದಿಂದ ಶುರು ಮಾಡಿ ಕನ್ನಡಿಯಲ್ಲಿ ಕಂಡಂತೆ ಮಾಡಿ. ಎರಡು ಸಲವೂ ಎಡದಿಂದಲೇ ಶುರು ಮಾಡಿದರೆ ಪಟ್ಟಿ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಯಾವ ಕಡೆ ಬಂದಿದ್ದೇವೆ ಎಂದು ಮರೆತರೆ ಅಂಚನ್ನು ನೋಡಿ: ಉಬ್ಬಿದ ಸಣ್ಣ ಗುಬುಟು ಕೊನೆಯದಾಗಿ ಯಾವ ಬದಿಗೆ ಇದೆಯೋ, ಮುಂದಿನ ಅರ್ಧ ಗಂಟು ಅದೇ ಬದಿಯಿಂದ.

ಪಟ್ಟಿಯ ಎರಡು ಬಾಲಗಳನ್ನು ಒಂದರ ಮೇಲೊಂದು ಎದುರು ದಿಕ್ಕಿಗೆ ಇಟ್ಟು, ಬೇರೆ ಒಂದು 25 ಸೆಂ.ಮೀ. ತುಂಡಿನಿಂದ ಅವೆರಡರ ಸುತ್ತ ಐದು ಚೌಕ ಗಂಟು ಹಾಕಿದರೆ ಜಾರುವ ಕೊಂಡಿ. ಮಣಿಕಟ್ಟು 16 ಸೆಂ.ಮೀ. ಇದ್ದವರ ಕೈ ಹಾಯಲು 21-22 ಸೆಂ.ಮೀ.ಯಾದರೂ ಬೇಕು. ಹಾಗಾಗಿ ಬಾಲದ ತುದಿಗಂಟನ್ನು ಆರೇಳು ಸೆಂ.ಮೀ. ದೂರಕ್ಕೆ ಹಾಕಿ, ಹತ್ತಿರ ಹಾಕಿದರೆ ಪಟ್ಟಿ ಕೈಗೆ ಏರುವುದೇ ಇಲ್ಲ. ನೈಲಾನ್, ಪಾಲಿಯೆಸ್ಟರ್ ದಾರದ ತುದಿಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ, ಜ್ವಾಲೆಯ ಕೆಳಗಿನ ನೀಲಿ ಭಾಗಕ್ಕೆ ಒಂದು ಕ್ಷಣ ತೋರಿಸಿ, ಚಮಚದ ಹಿಂಬದಿಯಿಂದ ಒತ್ತಿ. ಬೆರಳಲ್ಲಿ ಒತ್ತಬೇಡಿ, ಕರಗಿದ ದಾರ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹತ್ತಿ, ರೇಷ್ಮೆ ಕರಗುವುದಿಲ್ಲ, ಅವಕ್ಕೆ ಬೆಂಕಿ ತೋರಿಸಿದರೆ ಸುಟ್ಟು ಉದುರುತ್ತವೆ.

ಮಣಿಗಳ ಬಗ್ಗೆ ಎರಡು ಮಾತು. ಬೆಂಗಳೂರು ದಾರಿಯ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳು ನಮಗೆಲ್ಲ ಸುಲಭವಾಗಿ ಸಿಗುತ್ತವೆ, ಹಗುರ, ಬಣ್ಣ ಚೆಂದ. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಪಕ್ಕದಲ್ಲಿ ದಾರದ ತುದಿ ಸುಡುವಾಗ ಮಣಿಗೆ ಒದ್ದೆ ಬಟ್ಟೆ ಮುಚ್ಚಿ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಒಣಗುವ ಮೊದಲೇ ಮುಟ್ಟಿದರೆ ಹೊಳಪು ಹೋಗುತ್ತದೆ, ಇದನ್ನು ಕೊಳ್ಳುವವರಿಗೂ ಹೇಳಿ. ತೂತಿನ ಬಾಯಲ್ಲಿ ಮರದ ಸಿಬಿರು ಇರುತ್ತದೆ, ಉಪ್ಪುಕಾಗದವನ್ನು ಕಡ್ಡಿಯಂತೆ ಸುರುಳಿ ಮಾಡಿ ತಿರುಗಿಸಿ ತೆಗೆಯಿರಿ. ತೂತು ದೊಡ್ಡದಾದ್ದರಿಂದ ಒಂಟಿ ಗಂಟು ನಿಲ್ಲುವುದಿಲ್ಲ. ದಾರ ದಪ್ಪ ಮಾಡಿ, ಇಲ್ಲವೇ ಎರಡೂ ಬದಿಗೆ ಒಂದೊಂದು ಸಣ್ಣ ಗಾಜಿನ ಮಣಿ ಕೊಟ್ಟು ಗಂಟನ್ನು ಅದಕ್ಕೆ ತಾಗಿಸಿ.

ಸ್ಫಟಿಕದ ತೂತಿನ ಅಂಚು ಚಾಕುವಿನ ಹಾಗೆ ಹರಿತ. ಅಲ್ಲಿ ರೇಷ್ಮೆ ಬಾಳುವುದಿಲ್ಲ, ನೈಲಾನೇ ಸರಿ. ವಜ್ರದ ಪುಡಿ ಕೂರಿಸಿದ ಸಣ್ಣ ಅರ ಸಿಕ್ಕರೆ ಮಣಿಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದು ಅಂಚು ಉಜ್ಜಿ. ಒಣಗಿದ್ದಾಗ ಉಜ್ಜಿದರೆ ಮಣಿ ಬಿರುಕು ಬಿಡುತ್ತದೆ, ಪುಡಿ ಉಸಿರಿಗೂ ಒಳ್ಳೆಯದಲ್ಲ. ಶ್ರೀಗಂಧದ ಮಣಿಗೆ ಬಿಳಿ ದಾರ ಬೇಡ, ಬೆವರಿಗೂ ಮರದ ಎಣ್ಣೆಗೂ ಹಳದಿಗಟ್ಟುತ್ತದೆ. ಕಾವಿ ಅಥವಾ ಕಂದು ದಾರ ಹಾಕಿ. ಮುತ್ತು, ಹವಳ ಎರಡೂ ಸುಣ್ಣದ ಜಾತಿಯವು, ಹುಳಿ ತಾಗಿದರೆ ಸವೆಯುತ್ತವೆ. ನಿಂಬೆರಸದಲ್ಲಿ ತೊಳೆದು ಹೊಳಪು ತರುತ್ತೇವೆ ಎನ್ನುವವರ ಕೈಗೆ ಅವನ್ನು ಕೊಡಬೇಡಿ.

ಬೆಲೆಯ ಮಾತು ಬಂದೇ ಬರುತ್ತದೆ. ಹೊಸಬರಿಗೆ ಗಂಟೊಂದಕ್ಕೆ ಎರಡು ನಿಮಿಷ ಹಿಡಿಯುತ್ತದೆ ಎನ್ನಿ. 44 ಗಂಟಿಗೆ ಒಂದೂವರೆ ಗಂಟೆ. ತೂತು ನೋಡಿ ಆರಿಸುವುದು, ಕೊಂಡಿ ಕೂರಿಸುವುದು ಸೇರಿದರೆ ಎರಡೂವರೆ. ಮಣಿ ದಾರದ ಅಸಲಿಗೆ ಇಷ್ಟು ಗಂಟೆಯ ಕೂಲಿ ಸೇರಿಸದೆ, ಪೋಣಿಸಿದ ಸರದ ಬೆಲೆಗೇ ಕಟ್ಟಿದ ಸರ ಕೊಟ್ಟರೆ ನಿಮಗೆ ಮಾತ್ರವಲ್ಲ, ಪಕ್ಕದ ಮನೆಯಲ್ಲಿ ಇದೇ ಕೆಲಸ ಮಾಡುವವರಿಗೂ ನಷ್ಟ. ಕೊಳ್ಳುವವರಿಗೆ ಒಂದು ಗಂಟನ್ನು ಬೆರಳಿಟ್ಟು ತೋರಿಸಿ, ಇದು ಯಾಕಿದೆ ಎಂದು ಹೇಳಿ. ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಕೊನೆಗೆ, ಹಳೆಯ ಸರ ರಿಪೇರಿಗೆ ಬಂದಾಗ. ಗಂಟಿನ ಹತ್ತಿರ ದಾರ ಬೂದು ಬಣ್ಣಕ್ಕೆ ತಿರುಗಿದ್ದರೆ, ಮಣಿ ಗಂಟಿನ ನಡುವೆ ಸಂದು ಕಂಡರೆ, ಹರಿಯುವ ತನಕ ಕಾಯದೆ ಹೊಸ ದಾರ ಹಾಕುವುದೇ ಸರಿ. ಕತ್ತರಿ ಹಾಕುವ ಮೊದಲು ಸರದ ಒಂದು ಫೋಟೊ ತೆಗೆದು, ಮಣಿಗಳನ್ನು ಒಡತಿಯ ಮುಂದೆಯೇ ಎಣಿಸಿ ಬರೆದಿಡಿ. ಮಡಿಚಿದ ಟವೆಲಿನ ಸುಕ್ಕಿನಲ್ಲಿ ಸರವನ್ನು ಉದ್ದಕ್ಕೆ ಮಲಗಿಸಿ, ಒಂದು ತುದಿಯಿಂದ ಒಂದೊಂದೇ ಗಂಟನ್ನು ಕತ್ತರಿಸುತ್ತ ಬನ್ನಿ. ಕತ್ತರಿಯ ಮೊನೆ ಮಣಿಯ ಕಡೆಗಲ್ಲ, ಗಂಟಿನ ಕಡೆಗೆ ಇರಲಿ. ಕತ್ತರಿಸಿದ ಮಣಿಯನ್ನು ಬಂದ ಸಾಲಿನಲ್ಲೇ ಟವೆಲಿನ ಮೇಲೆ ಜೋಡಿಸಿ. ನಡುವೆ ದೊಡ್ಡದಾಗಿ ಎರಡೂ ಕೊನೆಗೆ ಕಿರಿದಾಗುವ ಮುತ್ತಿನ ಸರವನ್ನು ಒಮ್ಮೆ ಕಲಸಿಬಿಟ್ಟರೆ ಮತ್ತೆ ಆ ಕ್ರಮ ಸಿಗುವುದು ಕಷ್ಟ. ತೂತಿನೊಳಗೆ ಉಳಿದ ಹಳೆಯ ದಾರದ ತುಣುಕನ್ನು ತೆಳು ತಂತಿಯಿಂದ ತಳ್ಳಿ ತೆಗೆದು, ಅದಾದ ಮೇಲೆಯೇ ಹೊಸ ದಾರದ ದಪ್ಪ ಆರಿಸಿ.